ಡಾಕ್ಟರ್ ಪರೀಕ್ಷೆ ಮಾಡುವಾಗ ಮಿತಿ ಮೀರಿದರೆ: ಬೆಂಗಳೂರಿನಲ್ಲಿ ಯಾರ ಬಳಿ ಹೋಗಬೇಕು, ಹೇಗೆ ದೂರು ಕೊಡಬೇಕು

"ಅದು ಪರೀಕ್ಷೆಯೇ ಆಗಿತ್ತಾ, ಇಲ್ಲಾ ಬೇರೇನಾದರೂ ಆಗಿತ್ತಾ ಅಂತ ನನಗೇ ಗೊತ್ತಾಗ್ತಿಲ್ಲ." ಈ ವಿಷಯದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಶುರುವಾಗುತ್ತವೆ. ಆಮೇಲೆ ಬರುವುದು ಇನ್ನೊಂದು ಪ್ರಶ್ನೆ: "ಡಾಕ್ಟರ್ ಮೇಲೆ ದೂರು ಕೊಟ್ಟರೆ ಯಾರು ನಂಬ್ತಾರೆ?" ಎರಡಕ್ಕೂ ಉತ್ತರ ಇದೆ. ಒಂದೇ ಸಾಲಿನಲ್ಲಿ ಹೇಳೋಕೆ ಆಗಲ್ಲ, ಅಷ್ಟೇ. ಅದಕ್ಕೇ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲೇ ಒಂದು ವಿಷಯ ತಿಳಿದುಕೊಳ್ಳಿ. ದೂರು ಕೊಡಲು ನಿಮಗೆ ನೂರಕ್ಕೆ ನೂರು ಖಾತ್ರಿ ಇರಬೇಕಾಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುವುದು ನಿಮ್ಮ ಕೆಲಸ. ಅದು ಅಪರಾಧವೋ ಅಲ್ಲವೋ ಅಂತ ತೀರ್ಮಾನಿಸುವುದು ತನಿಖೆ ಮಾಡುವವರ ಕೆಲಸ.

ಘಟನೆ ಈಗಷ್ಟೇ ನಡೆದಿದ್ದರೆ, ಅದರಲ್ಲೂ ಬಲಾತ್ಕಾರ ಆಗಿದ್ದರೆ, ಇದನ್ನೆಲ್ಲ ಓದುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ, ನೇರ ನಾಲ್ಕನೇ ಹಂತ ನೋಡಿ.

ಹಂತ 1: ಪರೀಕ್ಷೆ ಹೇಗಿರಬೇಕು ಅಂತ ತಿಳಿಯಿರಿ

ಖಾಸಗಿ ಅಂಗಗಳ ಪರೀಕ್ಷೆ ಸರಿಯಾಗಿಯೇ ನಡೆದರೂ ಮುಜುಗರ ಆಗುತ್ತದೆ, ಕೆಲವೊಮ್ಮೆ ನೋವೂ ಆಗುತ್ತದೆ. ಹಾಗಾಗಿ ಮುಜುಗರವೊಂದನ್ನೇ ಅಳತೆಯಾಗಿ ಇಟ್ಟುಕೊಂಡರೆ ಗೊಂದಲ ಜಾಸ್ತಿ. ಹೇಗೆ ನಡೆಯಬೇಕಿತ್ತು ಅನ್ನುವುದು ಗೊತ್ತಿದ್ದರೆ, ಏನು ತಪ್ಪಾಯಿತು ಅಂತ ಹೇಳುವುದು ಸುಲಭ.

ಒಳಪರೀಕ್ಷೆಯನ್ನೇ ತೆಗೆದುಕೊಳ್ಳಿ. ಚೀಟಿಯಲ್ಲಿ ಇದನ್ನು 'ಪಿವಿ' ಅಂತ ಬರೆಯುತ್ತಾರೆ. ಯಾಕೆ ಬೇಕು, ಏನು ಮಾಡುತ್ತೇನೆ ಅಂತ ಡಾಕ್ಟರ್ ಮೊದಲು ಹೇಳಬೇಕು, ನಿಮ್ಮ ಒಪ್ಪಿಗೆ ಕೇಳಬೇಕು. ಬಟ್ಟೆ ಸರಿಸಿಕೊಳ್ಳಲು ಪರದೆಯ ಮರೆ ಬೇಕು, ಮೇಲೆ ಹೊದೆಯಲು ಬಟ್ಟೆ ಕೊಡಬೇಕು. ಕೈಗೆ ಗ್ಲೌಸ್ ಇರಲೇಬೇಕು. ಒಂದು ಕೈಯ ಎರಡು ಬೆರಳು ಒಳಗೆ, ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲೆ ಇಟ್ಟು ಗರ್ಭಕೋಶ ಮತ್ತು ಅಂಡಾಶಯಗಳನ್ನು ನೋಡುತ್ತಾರೆ. ಸ್ಪೆಕ್ಯುಲಮ್, ಅಂದರೆ ಯೋನಿಯನ್ನು ಸ್ವಲ್ಪ ಅಗಲ ಮಾಡಿ ನೋಡುವ ಸಾಧನ, ಬಳಸಬಹುದು. ಎಲ್ಲ ಸೇರಿ ಕೆಲವೇ ನಿಮಿಷದ ಕೆಲಸ. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ (ಟಿವಿಎಸ್) ಉದ್ದನೆಯ ಸಾಧನಕ್ಕೆ ಕಾಂಡೋಮ್ ಹಾಕಿ, ಜೆಲ್ ಹಚ್ಚಿ ಒಳಗೆ ಇಡುತ್ತಾರೆ. ಕಾಂಡೋಮ್ ನೋಡಿ ಗಾಬರಿಯಾಗುವವರು ಬಹಳ ಮಂದಿ. ಅದು ಸೋಂಕು ತಗಲದಿರಲಿ ಅಂತ ಮಾಡುವ ಮಾಮೂಲಿ ಕ್ರಮ. ಲೈಂಗಿಕ ಸಂಪರ್ಕ ಆಗಿರದವರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ.

ಸ್ತನ ಪರೀಕ್ಷೆಯಲ್ಲಿ ಬೆರಳುಗಳ ಚಪ್ಪಟೆ ಭಾಗದಿಂದ ಒತ್ತಿ ಗಂಟು ಇದೆಯಾ ಅಂತ ನೋಡುತ್ತಾರೆ. ಒಂದರಲ್ಲಿ ಮಾತ್ರ ಗಂಟಿದ್ದರೂ ಹೋಲಿಸಿ ನೋಡಲು ಎರಡೂ ಕಡೆ ಪರೀಕ್ಷಿಸುವುದು ಸರಿಯೇ. ಕಂಕುಳನ್ನೂ ನೋಡುತ್ತಾರೆ. ಮೂಲವ್ಯಾಧಿಗೆ ಗುದದ್ವಾರದೊಳಗೆ ಬೆರಳಿಟ್ಟು ನೋಡುವುದು, ಹರ್ನಿಯಾಗೆ ತೊಡೆಸಂದು ಮುಟ್ಟಿ ಕೆಮ್ಮಲು ಹೇಳುವುದು, ಇವೂ ಪರೀಕ್ಷೆಗಳೇ. ಕೊನೆಯ ಮುಟ್ಟು ಯಾವಾಗ, ಲೈಂಗಿಕ ಸಂಪರ್ಕ ಇದೆಯಾ, ನೋವಾಗುತ್ತಾ ಅಂತ ಕೇಳುವುದರಲ್ಲೂ ತಪ್ಪಿಲ್ಲ.

ಇನ್ನು ಯಾವುದು ಪರೀಕ್ಷೆ ಅಲ್ಲ ಅಂತ ನೋಡೋಣ. ಶೀತ ಕೆಮ್ಮು ಅಂತ ಹೋದವರ ಎದೆಯನ್ನು ಕಾರಣ ಹೇಳದೆ ಅಮುಕುವುದು. ಗ್ಲೌಸ್ ಇಲ್ಲದೆ ಒಳಪರೀಕ್ಷೆ. ಬೇಡ, ನಿಲ್ಲಿಸಿ ಅಂದ ಮೇಲೂ ಮುಂದುವರಿಸುವುದು. ಸವರುವುದು, ಮೈಗೆ ಮೈ ಒತ್ತಿ ನಿಲ್ಲುವುದು, ಮುತ್ತು ಕೊಡುವುದು. ಮೈಕಟ್ಟಿನ ಬಗ್ಗೆ ಹೊಗಳಿಕೆ, "ಬಾಯ್‌ಫ್ರೆಂಡ್ ಇದ್ದಾನಾ, ಖುಷಿ ಕೊಡ್ತಾನಾ" ಅನ್ನುವಂಥ ಮಾತು. ಬಟ್ಟೆ ಬದಲಾಯಿಸುವಾಗ ನಿಂತು ನೋಡುವುದು. ಸ್ವಂತ ಮೊಬೈಲಿನಲ್ಲಿ ಹೇಳದೆ ಕೇಳದೆ ಫೋಟೊ ತೆಗೆಯುವುದು. ಸಿಸ್ಟರ್‌ನ ಬೇಕಂತಲೇ ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳುವುದು. ಆಮೇಲೆ ರಾತ್ರಿ ವಾಟ್ಸಾಪ್‌ನಲ್ಲಿ "ಹೇಗಿದ್ದೀಯ" ಅಂತ ಶುರುಮಾಡುವುದು.

ಪರೀಕ್ಷೆಗೆ ಒಪ್ಪಿದ್ದೀರಿ ಅಂದರೆ ಪರೀಕ್ಷೆಗೆ ಮಾತ್ರ ಒಪ್ಪಿದ್ದೀರಿ. ಪರೀಕ್ಷೆಯ ಹೆಸರಿನಲ್ಲಿ ಮೋಸ ಮಾಡಿ ಪಡೆದ ಒಪ್ಪಿಗೆ ಕಾನೂನಿನ ಕಣ್ಣಲ್ಲೂ ಒಪ್ಪಿಗೆಯಲ್ಲ. ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 28ನೇ ಸೆಕ್ಷನ್ ಇದನ್ನೇ ಹೇಳುತ್ತದೆ.

ಅನುಮಾನ ಉಳಿದಿದ್ದರೆ ನಿಮಗೆ ನಂಬಿಕೆ ಇರುವ ಇನ್ನೊಬ್ಬ ಡಾಕ್ಟರನ್ನು ಕೇಳಿ. "ನನಗೆ ಈ ತೊಂದರೆ ಇತ್ತು, ಹೀಗೆ ಪರೀಕ್ಷೆ ಮಾಡಿದರು, ಈ ಪರೀಕ್ಷೆ ಬೇಕಿತ್ತಾ?" ಅಂತ ಕೇಳಿದರೆ ಸಾಕು. ಮೊದಲ ಡಾಕ್ಟರ ಹೆಸರು ಹೇಳಬೇಕಾಗಿಲ್ಲ.

ಹಂತ 2: ಇನ್ನೂ ಕೋಣೆಯೊಳಗೇ ಇದ್ದರೆ

ಗಂಡಸು ಡಾಕ್ಟರ್ ಹೆಣ್ಣು ರೋಗಿಯನ್ನು ಪರೀಕ್ಷಿಸುವಾಗ ಜೊತೆಗೆ ಒಬ್ಬ ಹೆಂಗಸು ಇರುವ ಹಾಗೆ ನೋಡಿಕೊಳ್ಳುವುದು ಆಸ್ಪತ್ರೆಯ ಜವಾಬ್ದಾರಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಇದು ಇದೆ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಇದನ್ನು ರಾಜ್ಯಗಳಿಗೆ ಕಳಿಸಿದೆ. ಆದ್ದರಿಂದ ಕೇಳಲು ಸಂಕೋಚ ಬೇಡ.

ಗಟ್ಟಿಯಾಗಿ, ಚಿಕ್ಕದಾಗಿ ಹೇಳಿ. "ಡಾಕ್ಟ್ರೇ, ಸಿಸ್ಟರ್‌ನ ಒಳಗೆ ಕರೀರಿ." "ಇದು ಯಾಕೆ ಬೇಕು ಅಂತ ಮೊದಲು ಹೇಳಿ." "ನಿಲ್ಲಿಸಿ, ನನಗೆ ಈ ಪರೀಕ್ಷೆ ಬೇಡ." ಕಾರಣ ಕೊಡಬೇಕಾಗಿಲ್ಲ. ಎದ್ದು, ಬಟ್ಟೆ ಸರಿಮಾಡಿಕೊಂಡು ಹೊರಗೆ ಬನ್ನಿ. ಹೊರಗೆ ಅಮ್ಮನೋ ಅಕ್ಕನೋ ಇದ್ದರೆ ಜೋರಾಗಿ ಹೆಸರು ಹಿಡಿದು ಕರೆಯಿರಿ.

ಇದೆಲ್ಲ ಹೇಳುವುದು ಸುಲಭ. ಆ ಹೊತ್ತಿಗೆ ಬಹಳ ಜನರಿಗೆ ಬಾಯೇ ಬರುವುದಿಲ್ಲ, ಕೈಕಾಲು ಮರಗಟ್ಟಿದಂತಾಗುತ್ತದೆ. ಭಯವಾದಾಗ ದೇಹ ಹಾಗೇ ಮಾಡುತ್ತದೆ. ಸುಮ್ಮನಿದ್ದದ್ದು ಒಪ್ಪಿಗೆ ಆಗುವುದಿಲ್ಲ. "ಆಗಲೇ ಯಾಕೆ ಕೂಗಲಿಲ್ಲ" ಅಂತ ಯಾರಾದರೂ ಕೇಳಿದರೆ, "ಕೂಗೋಕೆ ಆಗಲಿಲ್ಲ" ಅನ್ನುವುದೇ ಪೂರ್ತಿ ಉತ್ತರ.

ಹಂತ 3: ಅದೇ ದಿನ ಬರೆದಿಡಿ, ಕಾಗದಪತ್ರ ತೆಗೆದಿಡಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ. ದೂರು ಕೊಡಬೇಕೋ ಬೇಡವೋ ಅಂತ ನಾಳೆ ಯೋಚಿಸಬಹುದು. ಬರೆಯುವ ಕೆಲಸ ಮಾತ್ರ ಇವತ್ತೇ ಆಗಬೇಕು. ದಿನ ಕಳೆದ ಹಾಗೆ ನೆನಪು ಮಸುಕಾಗುತ್ತದೆ, ಜೊತೆಗೆ ನಾಲ್ಕು ಜನರ ಮಾತು ಸೇರಿಕೊಂಡು ಕಲಸಿಹೋಗುತ್ತದೆ.

ತಾರೀಖು, ಗಂಟೆ, ಆಸ್ಪತ್ರೆ, ಕೋಣೆ ಯಾವುದು ಅಂತ ಬರೆಯಿರಿ. ಏನು ತೊಂದರೆ ಅಂತ ಹೋಗಿದ್ದಿರಿ, ಒಳಗೆ ಯಾರಿದ್ದರು, ಬಾಗಿಲು ಹಾಕಿತ್ತಾ, ಪರದೆ ಎಳೆದಿತ್ತಾ? ಯಾವ ಕೈ, ಎಲ್ಲಿ ಮುಟ್ಟಿತು, ಗ್ಲೌಸ್ ಇತ್ತಾ, ಎಷ್ಟು ಹೊತ್ತು? ಅವರು ಆಡಿದ ಮಾತನ್ನು ಅವರು ಆಡಿದ ಭಾಷೆಯಲ್ಲೇ ಬರೆಯಿರಿ. ನೀವು ಏನಂದಿರಿ? ಹೊರಗೆ ಬಂದು ಮೊದಲು ಯಾರಿಗೆ ಹೇಳಿದಿರಿ? ನೆನಪಿಲ್ಲದ್ದನ್ನು "ನೆನಪಿಲ್ಲ" ಅಂತಲೇ ಬರೆಯಿರಿ. ಊಹೆ ಸೇರಿಸಬೇಡಿ. ಒಂದು ಕಡೆ ಸೇರಿಸಿದ ಊಹೆ ಮುಂದೆ ಉಳಿದ ಸತ್ಯವನ್ನೂ ಅನುಮಾನಿಸುವ ಹಾಗೆ ಮಾಡುತ್ತದೆ.

ಬರೆದದ್ದನ್ನು ನಿಮ್ಮ ಇಮೇಲ್‌ಗೇ ಕಳಿಸಿಕೊಳ್ಳಿ. ಯಾವತ್ತು ಬರೆದದ್ದು ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ಕಾಗದಪತ್ರ. ಓಪಿಡಿ ಚೀಟಿ, ಬಿಲ್ಲು, ಔಷಧಿ ಚೀಟಿ, ಟೋಕನ್, ಅಪಾಯಿಂಟ್‌ಮೆಂಟ್ ಬಂದ ಎಸ್‌ಎಂಎಸ್, ಫೋನ್‌ಪೇ ಅಥವಾ ಗೂಗಲ್ ಪೇನಲ್ಲಿ ದುಡ್ಡು ಕಟ್ಟಿದ ದಾಖಲೆ, ಆಟೊ ಅಥವಾ ಕ್ಯಾಬ್ ಬುಕ್ ಮಾಡಿದ್ದು. ಇವೆಲ್ಲ ನೀವು ಆ ಹೊತ್ತಿಗೆ ಅಲ್ಲಿದ್ದಿರಿ ಅಂತ ತೋರಿಸುತ್ತವೆ. ಯಾವುದನ್ನೂ ಅಳಿಸಬೇಡಿ. ಡಾಕ್ಟರ್ ಕಳಿಸಿದ ಮೆಸೇಜ್ ಇದ್ದರೆ ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಮೂಲ ಮೆಸೇಜನ್ನು ಫೋನಿನಲ್ಲೇ ಉಳಿಸಿ. ಕೋಪದಲ್ಲಿ ಡಿಲೀಟ್ ಮಾಡುವವರು ಜಾಸ್ತಿ.

ಔಷಧಿ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಇದು ನಿಯಮ. ಅದನ್ನು ಗುರುತು ಹಾಕಿಕೊಳ್ಳಿ, ಏಳನೇ ಹಂತದಲ್ಲಿ ಬೇಕಾಗುತ್ತದೆ. ನಿಮ್ಮ ಚಿಕಿತ್ಸೆಯ ದಾಖಲೆ ಬೇಕು ಅಂತ ಬರೆದು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2002ರ ವೈದ್ಯಕೀಯ ವೃತ್ತಿ ನಡತೆಯ ನಿಯಮಗಳಲ್ಲೇ ಇದೆ. ಕೇಳುವಾಗ ಕಾರಣ ಹೇಳಬೇಡಿ. "ಬೇರೆ ಡಾಕ್ಟರಿಗೆ ತೋರಿಸಬೇಕು" ಅಂದರೆ ಸಾಕು. ದಾಖಲೆ ಕೈಗೆ ಬಂದ ಮೇಲೆ ನೋಡಿ: ನಿಮಗೆ ಮಾಡಿದ "ಪರೀಕ್ಷೆ" ಅದರಲ್ಲಿ ಬರೆದಿದೆಯಾ? ಬರೆದೇ ಇಲ್ಲ ಅಂದರೆ ಅದೂ ಒಂದು ಸುಳಿವು.

ಹಂತ 4: ಬಲಾತ್ಕಾರ ಆಗಿದ್ದರೆ, ಮೊದಲು ಆಸ್ಪತ್ರೆ

ಚಿಕಿತ್ಸೆಗೆ ಸಂಬಂಧವಿಲ್ಲದೆ ಬೆರಳನ್ನೋ ವಸ್ತುವನ್ನೋ ಒಳಗೆ ಹಾಕಿದರೂ ಅದು ಅತ್ಯಾಚಾರವೇ. ನಿಜವಾದ ವೈದ್ಯಕೀಯ ಪರೀಕ್ಷೆಗೆ ಕಾನೂನು ವಿನಾಯಿತಿ ಕೊಟ್ಟಿದೆ, ಅದರ ಸೋಗಿಗೆ ಅಲ್ಲ. ಆಸ್ಪತ್ರೆಯ ಸಿಬ್ಬಂದಿಯೇ ಆಸ್ಪತ್ರೆಯಲ್ಲಿ ಅತ್ಯಾಚಾರ ಮಾಡಿದರೆ ಕನಿಷ್ಠ 10 ವರ್ಷ ಶಿಕ್ಷೆ.

ಸಾಧ್ಯವಾದರೆ ಸ್ನಾನ ಮಾಡುವ ಮೊದಲೇ ಹೋಗಿ. ತೊಟ್ಟಿದ್ದ ಬಟ್ಟೆ ಒಗೆಯಬೇಡಿ, ಪೇಪರ್ ಕವರ್‌ನಲ್ಲಿ ಇಡಿ. ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಹಿಡಿಯುತ್ತದೆ. ಸ್ನಾನ ಆಗಿಹೋಗಿದ್ದರೂ, ಎರಡು ಮೂರು ದಿನ ಕಳೆದಿದ್ದರೂ ಹೋಗಿ. ಬೇರೆ ಆಸ್ಪತ್ರೆಗೆ ಹೋಗಿ, ಘಟನೆ ನಡೆದ ಜಾಗಕ್ಕೆ ಅಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಇಂಥ ಸಂದರ್ಭದಲ್ಲಿ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ ಬೇಕಾದರೆ 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು.

ಸಾಕ್ಷ್ಯಕ್ಕಾಗಿ ಆ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗೂ ನಿಮ್ಮ ಒಪ್ಪಿಗೆ ಬೇಕು. ಮೊದಲು ಲೈಂಗಿಕ ಅನುಭವ ಇತ್ತಾ ಅಂತ ನೋಡಲು ಮಾಡುತ್ತಿದ್ದ 'ಎರಡು ಬೆರಳಿನ ಪರೀಕ್ಷೆ'ಯನ್ನು ಮಾಡುವವರೇ ದುರ್ನಡತೆಯ ತಪ್ಪಿತಸ್ಥರು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾರಾದರೂ ಮಾಡಲು ಬಂದರೆ ಬೇಡ ಅನ್ನಿ.

ಹಂತ 5: ಆಸ್ಪತ್ರೆಗೆ ದೂರು. ಬಾಯಿಮಾತಲ್ಲಿ ಬೇಡ

ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಎದುರಾಗುವುದು ನಗುನಗುತ್ತಾ ಮಾತಾಡುವ ಪಿಆರ್‌ಒ. "ಕೂತ್ಕೊಳಿ ಮೇಡಂ, ನಾವು ವಿಚಾರಿಸ್ತೀವಿ, ಬಿಲ್ ವಾಪಸ್ ಕೊಡ್ತೀವಿ." ಅಲ್ಲಿಗೇ ಮುಗಿಯುವ ದೂರುಗಳು ಎಷ್ಟೋ. ನೀವು ಕೇಳಬೇಕಾದದ್ದು ಆಂತರಿಕ ಸಮಿತಿಯನ್ನು, ಅಂದರೆ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಆಸ್ಪತ್ರೆಯೊಳಗೇ ಇರಬೇಕಾದ ಸಮಿತಿಯನ್ನು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ (ಜನ ಪೋಶ್ ಅಂತ ಕರೆಯುವುದು ಇದನ್ನೇ) ಕೆಲಸ ಮಾಡುವವರಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ಕೆಲಸಕ್ಕಿರಲಿ, ಇಲ್ಲದಿರಲಿ, ಯಾವ ವಯಸ್ಸಿನ ಹೆಂಗಸಾದರೂ ದೂರು ಕೊಡಬಹುದು. ಕೆಲಸದ ಸ್ಥಳಗಳ ಪಟ್ಟಿಯಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ ಎರಡೂ ಇವೆ. ಅಂದರೆ ರೋಗಿಗೂ ಇದು ಸಲ್ಲುತ್ತದೆ.

ಘಟನೆಯಾಗಿ 3 ತಿಂಗಳೊಳಗೆ ಬರೆದು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ದೂರಿನ 6 ಪ್ರತಿ ಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳುವಂತಿಲ್ಲ, ಇದೂ ಆ ಕಾಯ್ದೆಯಲ್ಲೇ ಇದೆ.

"ಅವರು ನಮ್ಮ ನೌಕರರಲ್ಲ, ವಿಸಿಟಿಂಗ್ ಕನ್ಸಲ್ಟೆಂಟ್" ಅನ್ನುವುದು ಆಸ್ಪತ್ರೆಗಳ ಮಾಮೂಲಿ ಉತ್ತರ. ಗುತ್ತಿಗೆ, ತಾತ್ಕಾಲಿಕ, ಏಜೆಂಟ್ ಮೂಲಕ ಬಂದವರು ಎಲ್ಲರೂ ಕಾಯ್ದೆಯ ಪ್ರಕಾರ ನೌಕರರೇ. ಈ ಉತ್ತರವನ್ನು ಬರೆದು ಕೊಡಿ ಅನ್ನಿ. ಬರೆದು ಕೊಡುವ ಧೈರ್ಯ ಮಾಡುವುದು ಕಷ್ಟ.

ಡಾಕ್ಟರದೇ ಸ್ವಂತ ಕ್ಲಿನಿಕ್ ಆಗಿದ್ದರೆ? ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ, ಅಥವಾ ದೂರು ಮಾಲೀಕರ ಮೇಲೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಖಾಸಗಿ ಆಸ್ಪತ್ರೆಗಳಿಗೆ ಲೈಸೆನ್ಸ್ ಕೊಡುವ ಕೆಪಿಎಂಇ ಕಾಯ್ದೆಯಲ್ಲೂ 2017ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ ನೇತೃತ್ವದ ಕುಂದುಕೊರತೆ ಪ್ರಾಧಿಕಾರ ಇದೆ. ಅಲ್ಲಿ ಆಸ್ಪತ್ರೆಯ ಲೋಪದ ಬಗ್ಗೆ, ಉದಾಹರಣೆಗೆ ಸಿಸ್ಟರ್‌ನ ಜೊತೆಗಿಡಲಿಲ್ಲ ಅನ್ನುವುದರ ಬಗ್ಗೆ ಬರೆಯಬಹುದು.

ಯಾವ ಕಚೇರಿಗೆ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲೂ ಮಾಡಿ. ಅದೇ ಪತ್ರದಲ್ಲಿ "ಆ ದಿನದ ಸಿಸಿಟಿವಿ ದೃಶ್ಯ ಅಳಿಸಬಾರದು" ಅಂತ ಒಂದು ಸಾಲು ಸೇರಿಸಿ. ಕೋಣೆಯೊಳಗೆ ಕ್ಯಾಮೆರಾ ಇರುವುದಿಲ್ಲ, ಇರಲೂಬಾರದು. ಆದರೆ ನೀವು ಎಷ್ಟು ಹೊತ್ತಿಗೆ ಒಳಗೆ ಹೋದಿರಿ, ಸಿಸ್ಟರ್ ಯಾವಾಗ ಹೊರಗೆ ಬಂದರು, ನೀವು ಹೇಗೆ ಹೊರಗೆ ಬಂದಿರಿ ಅನ್ನುವುದು ಕಾರಿಡಾರಿನ ಕ್ಯಾಮೆರಾದಲ್ಲಿ ಸಿಗುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತಾ ಹೋಗುತ್ತದೆ, ಹಾಗಾಗಿ ತಡ ಮಾಡಬೇಡಿ.

ಹಂತ 6: ಪೊಲೀಸ್ ದೂರು

ಮೈ ಮುಟ್ಟಿದ ವಿಷಯವಾದರೆ ಆಸ್ಪತ್ರೆಯ ಉತ್ತರಕ್ಕೆ ಕಾಯದೆ ಠಾಣೆಗೆ ಹೋಗುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಮಾಡಲು ಯಾವ ಅಡ್ಡಿಯೂ ಇಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದಕ್ಕೂ ಮೊದಲು ನಡೆದದ್ದಾದರೆ ಹಳೆಯ ಐಪಿಸಿ ಪ್ರಕಾರ ಕೇಸು. ಹೊಸ ಸಂಹಿತೆಯಲ್ಲಿ ನಿಮಗೆ ಬೇಕಾಗುವ ಸೆಕ್ಷನ್‌ಗಳು ಇಷ್ಟು: ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮೈಮೇಲೆ ಕೈ ಮಾಡುವುದು 74 (1ರಿಂದ 5 ವರ್ಷ), ಲೈಂಗಿಕ ಕಿರುಕುಳ 75, ಬಟ್ಟೆ ಬಿಚ್ಚಿಸುವುದು 76 (3ರಿಂದ 7 ವರ್ಷ), ಕದ್ದು ನೋಡುವುದು ಅಥವಾ ಫೋಟೊ ತೆಗೆಯುವುದು 77, ಮಾತು ಮತ್ತು ಸನ್ನೆಯಿಂದ ಅವಮಾನಿಸುವುದು 79. ಇವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಸೆಕ್ಷನ್ ಹಾಕಬೇಕು ಅಂತ ಪೊಲೀಸರು ನೋಡುತ್ತಾರೆ. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಯಾವುದು ಹಾಕಿದ್ದಾರೆ ಅಂತ ನೀವು ನೋಡಿಕೊಳ್ಳಲು ಬರೆದಿದ್ದೇನೆ.

ಬೆಂಗಳೂರಿನ ಯಾವ ಠಾಣೆಗಾದರೂ ಹೋಗಬಹುದು. ಆಸ್ಪತ್ರೆ ಜಯನಗರದಲ್ಲಿದ್ದು ನೀವು ಯಲಹಂಕದಲ್ಲಿದ್ದರೆ ಯಲಹಂಕದಲ್ಲೇ ಕೊಡಿ. ಅವರು 'ಝೀರೋ ಎಫ್‌ಐಆರ್' ದಾಖಲಿಸಿ ಆ ಠಾಣೆಗೆ ಕಳಿಸಬೇಕು. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಉಚಿತ. ಆಮೇಲಿನ ವಿಚಾರಣೆಗೆ ಹೆಂಗಸರನ್ನು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು.

ದೂರಿನಲ್ಲಿ "ಅಸಭ್ಯವಾಗಿ ವರ್ತಿಸಿದರು" ಅಂತ ಒಂದೇ ಸಾಲು ಬರೆದು ನಿಲ್ಲಿಸಬೇಡಿ. ನಾಚಿಕೆಗೆ ಹಾಗೆ ಬರೆಯುತ್ತಾರೆ, ಠಾಣೆಯಲ್ಲಿ ಬರೆದುಕೊಡುವವರೂ ಹಾಗೇ ಬರೆದುಬಿಡುತ್ತಾರೆ. ಅಷ್ಟರಿಂದ ಏನು ನಡೆಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ:

"ದಿನಾಂಕ ____ ರಂದು ಸಂಜೆ ಸುಮಾರು ____ ಗಂಟೆಗೆ ಹೊಟ್ಟೆನೋವಿಗೆ ತೋರಿಸಲು ____ ಆಸ್ಪತ್ರೆಗೆ ಹೋಗಿದ್ದೆ. ಡಾ. ____ ಅವರು ಸಿಸ್ಟರ್ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಹೊಟ್ಟೆ ನೋಡುತ್ತೇನೆ ಎಂದು ಹೇಳಿ, ನನ್ನ ಒಪ್ಪಿಗೆ ಕೇಳದೆ, ಕುರ್ತಾದೊಳಗೆ ಕೈ ಹಾಕಿ ನನ್ನ ಸ್ತನಗಳನ್ನು ಅಮುಕಿದರು. ನಾನು ಬೇಡ ಎಂದರೂ ನಿಲ್ಲಿಸಲಿಲ್ಲ. ಆಗ ಅವರು '____' ಎಂದರು."

ಅಂಗದ ಹೆಸರು ಬರೆಯಲು ಕೈ ನಡುಗಬಹುದು. ಆದರೂ ಬರೆಯಿರಿ.

ಇನ್ನು ಠಾಣೆಯಲ್ಲಿ ಎದುರಾಗುವ ತೊಡಕುಗಳು.

ಒಂದು, "ಮೊದಲು ಮೆಡಿಕಲ್ ಕೌನ್ಸಿಲ್‌ನಿಂದ ರಿಪೋರ್ಟ್ ತನ್ನಿ." ಇದು ಬಹಳ ಸಲ ಕೇಳಿಬರುವ ಮಾತು. ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಗಿದೆ ಅನ್ನುವ ಕೇಸುಗಳಲ್ಲಿ ಬೇರೆ ಡಾಕ್ಟರ ಅಭಿಪ್ರಾಯ ಪಡೆಯಿರಿ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ನಿರ್ಲಕ್ಷ್ಯಕ್ಕೆ ಸಂಬಂಧಪಟ್ಟದ್ದು. ಲೈಂಗಿಕ ಅಪರಾಧಕ್ಕೆ ಆ ನಿಯಮ ಇಲ್ಲ. "ನನ್ನ ದೂರು ಚಿಕಿತ್ಸೆ ಸರಿಯಿಲ್ಲ ಅಂತಲ್ಲ ಸರ್, ಮೈ ಮುಟ್ಟಿದ್ದರ ಬಗ್ಗೆ" ಅಂತ ಸ್ಪಷ್ಟವಾಗಿ ಹೇಳಿ. ಇದೇ ಕಾರಣಕ್ಕೆ ದೂರಿನಲ್ಲಿ "ಔಷಧಿ ಸರಿ ಕೊಡಲಿಲ್ಲ, ಬಿಲ್ ಜಾಸ್ತಿ ಮಾಡಿದರು" ಅನ್ನುವುದನ್ನೆಲ್ಲ ಬೆರೆಸಬೇಡಿ.

ಎರಡು, ಎನ್‌ಸಿಆರ್ ಕೊಟ್ಟು ಕಳಿಸುವುದು. ಎನ್‌ಸಿಆರ್ ಅಂದರೆ ಪೊಲೀಸರು ತಾವಾಗಿ ತನಿಖೆ ಮಾಡಲು ಆಗದ ಸಣ್ಣ ವಿಷಯಗಳಿಗೆ ಕೊಡುವ ಚೀಟಿ. ಅದು ಎಫ್‌ಐಆರ್ ಅಲ್ಲ. ಕೈಗೆ ಬಂದ ಕಾಗದದ ತಲೆಬರಹ ಓದಿ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ, ಮೇಲಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಹಾಗೆ ಹೇಳಿದರೆ ಯಾವತ್ತಿನಿಂದ ಶುರು ಅಂತ ಬರೆಸಿಕೊಂಡು, 14 ದಿನ ಆದ ಮೇಲೆ ಮತ್ತೆ ಹೋಗಿ ಕೇಳಿ.

ಮೂರು, ದೂರನ್ನೇ ತೆಗೆದುಕೊಳ್ಳದಿರುವುದು. ಆ ವಲಯದ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ. ಅದಕ್ಕೂ ಉತ್ತರ ಬರದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. 74, 76ರಂಥ ಸೆಕ್ಷನ್‌ಗಳ ದೂರನ್ನು ದಾಖಲಿಸದ ಅಧಿಕಾರಿಗೇ ಶಿಕ್ಷೆ ಇದೆ, ನ್ಯಾಯ ಸಂಹಿತೆಯ 199ನೇ ಸೆಕ್ಷನ್. ಜಗಳ ಮಾಡದೆ ಇದನ್ನು ನೆನಪಿಸಿದರೆ ಎಷ್ಟೋ ಸಲ ಕೆಲಸ ಆಗುತ್ತದೆ.

ನಾಲ್ಕು, "ಅವರನ್ನು ಅರೆಸ್ಟೇ ಮಾಡಲಿಲ್ಲ, ಕೇಸು ಬಿದ್ದುಹೋಯಿತು" ಅಂತ ಕೈಚೆಲ್ಲುವುದು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ನೋಟಿಸ್ ಕೊಟ್ಟು ವಿಚಾರಣೆಗೆ ಕರೆಸುವುದು ಸಾಮಾನ್ಯ ಕ್ರಮ. ಬಂಧನ ಆಗದಿದ್ದರೂ ತನಿಖೆ ನಡೆಯುತ್ತದೆ. ಎಫ್‌ಐಆರ್ ಆದ ಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ನಿಮ್ಮ ಹೇಳಿಕೆ ದಾಖಲಾಗುತ್ತದೆ, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟ್ ಮುಂದೆ. ಹೋಗುವ ಮೊದಲು ಮೂರನೇ ಹಂತದಲ್ಲಿ ಬರೆದಿಟ್ಟದ್ದನ್ನು ಓದಿಕೊಳ್ಳಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು.

ತಡವಾಯಿತು ಅನ್ನುವವರಿಗೆ: 74ನೇ ಸೆಕ್ಷನ್‌ಗೆ ಕಾಲಮಿತಿ ಇಲ್ಲ. 75 ಮತ್ತು 79ಕ್ಕೆ 3 ವರ್ಷ ಇದೆ, 75ರಲ್ಲಿ ಬರೀ ಅಶ್ಲೀಲ ಮಾತಿನ ಕೇಸಾದರೆ 1 ವರ್ಷ. ತಡಕ್ಕೆ ಕಾರಣ ಏನಿತ್ತು ಅಂತ ದೂರಿನಲ್ಲೇ ಒಂದೆರಡು ಸಾಲು ಬರೆಯಿರಿ.

ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ವನಿತಾ ಸಹಾಯವಾಣಿ 1091, ಮಹಿಳಾ ಸಹಾಯವಾಣಿ 181. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರ 15100. ಎಷ್ಟೇ ಆದಾಯ ಇದ್ದರೂ ಹೆಂಗಸರಿಗೆ ಅಲ್ಲಿ ಉಚಿತ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.

ಹಂತ 7: ವೈದ್ಯಕೀಯ ಪರಿಷತ್ತು

ಕೋರ್ಟು ಶಿಕ್ಷೆ ಕೊಡಬಹುದು. ಡಾಕ್ಟರ್ ಕೆಲಸ ಮಾಡುವ ಹಕ್ಕನ್ನೇ ತಡೆಯುವುದು ಕರ್ನಾಟಕ ವೈದ್ಯಕೀಯ ಪರಿಷತ್ತು (ಕೆಎಂಸಿ). ವೃತ್ತಿಯ ಸ್ಥಾನ ಬಳಸಿಕೊಂಡು ರೋಗಿಯ ಜೊತೆ ಅನುಚಿತವಾಗಿ ನಡೆದುಕೊಂಡರೆ ಅದು ದುರ್ನಡತೆ, 2002ರ ನಿಯಮಗಳ ಪ್ರಕಾರ. ಎಚ್ಚರಿಕೆ ಕೊಡುವುದರಿಂದ ಹಿಡಿದು ಹೆಸರನ್ನು ಪಟ್ಟಿಯಿಂದ ತೆಗೆಯುವ ತನಕ ಅಧಿಕಾರ ಇದೆ. 6 ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ ನಿಯಮ ಹೇಳುತ್ತದೆ. ನಿಜದಲ್ಲಿ ಎಳೆಯುತ್ತದೆ, ಅದಕ್ಕೆ ಸಿದ್ಧರಾಗಿರಿ. ಪರಿಹಾರದ ದುಡ್ಡು ಇಲ್ಲಿ ಸಿಗುವುದಿಲ್ಲ. ಎಷ್ಟು ಪ್ರತಿ, ಅಫಿಡವಿಟ್ ಬೇಕಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋದರೆ ಸುಮ್ನೆ ಅಲೆಯುವುದು ತಪ್ಪುತ್ತದೆ.

ಇದು ಎಂಬಿಬಿಎಸ್ ಮತ್ತು ಅದರ ಮೇಲೆ ಓದಿದವರಿಗೆ. ಹಲ್ಲಿನ ಡಾಕ್ಟರಾದರೆ ದಂತ ಪರಿಷತ್ತು, ಆಯುರ್ವೇದ ಮತ್ತು ಯುನಾನಿಯವರಿಗೆ ಅವರದೇ ಮಂಡಳಿ. ನೋಂದಣಿ ಸಂಖ್ಯೆ ಎಲ್ಲೂ ಸಿಗದಿದ್ದರೆ ನಕಲಿ ಡಾಕ್ಟರ್ ಇರಬಹುದು. ಆಗ ಜಿಲ್ಲಾ ಆರೋಗ್ಯಾಧಿಕಾರಿಗೂ ಒಂದು ಪ್ರತಿ ಕೊಡಿ.

ಬೇರೆ ಸಂದರ್ಭಗಳು

18ರ ಒಳಗಿನ ಮಕ್ಕಳಾದರೆ, ಹುಡುಗನಾಗಲಿ ಹುಡುಗಿಯಾಗಲಿ, ಪೋಕ್ಸೋ ಕಾಯ್ದೆ. ವಿಷಯ ಗೊತ್ತಿದ್ದವರು ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಮಗುವನ್ನು ಮತ್ತೆ ಮತ್ತೆ "ಏನಾಯ್ತು ಹೇಳು" ಅಂತ ಕೆದಕಬೇಡಿ. ಅದು ತಾನಾಗಿ ಹೇಳಿದ್ದನ್ನು ಅದರ ಮಾತಲ್ಲೇ ಬರೆದಿಡಿ.

ಗಂಡಸರಿಗೂ ಹೀಗಾಗುತ್ತದೆ, ಹೇಳಿಕೊಳ್ಳುವವರು ಕಡಿಮೆ. 74ರಿಂದ 79ರವರೆಗಿನ ಸೆಕ್ಷನ್‌ಗಳು ಹೆಂಗಸರಿಗೆ ಮಾತ್ರ, ಐಪಿಸಿಯ 377 ಹೊಸ ಸಂಹಿತೆಯಲ್ಲಿ ಇಲ್ಲ. ಇದು ಕಾನೂನಿನ ದೊಡ್ಡ ಕೊರತೆ. ಹಲ್ಲೆ, ಬೆದರಿಕೆಯ ಸೆಕ್ಷನ್‌ಗಳಲ್ಲಿ ದೂರು ಕೊಡಬಹುದು. ಕೆಎಂಸಿ ಬಾಗಿಲು ಎಲ್ಲರಿಗೂ ತೆರೆದಿದೆ, ಗಂಡಸರು ಅಲ್ಲಿಂದಲೇ ಶುರುಮಾಡುವುದು ಮೇಲು. ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಇಂಥದ್ದು ಮಾಡಿದವರಿಗೆ 2019ರ ಕಾಯ್ದೆಯಲ್ಲಿ 6 ತಿಂಗಳಿಂದ 2 ವರ್ಷದವರೆಗೆ ಶಿಕ್ಷೆ ಇದೆ.

ಹಂತ 8: ದೂರು ಕೊಟ್ಟ ಮೇಲೆ

ಫೋನುಗಳು ಬರುತ್ತವೆ. ಡಾಕ್ಟರ ಹೆಂಡತಿ, ಪರಿಚಯದ ಯಾರೋ ಅಣ್ಣ, ಏರಿಯಾದ ಮುಖಂಡರು. "ಒಳ್ಳೆ ಡಾಕ್ಟ್ರು, ಅವರ ಮಕ್ಕಳ ಮುಖ ನೋಡಿ." ಮಾತು ಬೆಳೆಸದೆ "ಏನಿದ್ದರೂ ಠಾಣೆಯಲ್ಲಿ ಹೇಳಿ" ಅಂದು ಇಡಿ. ನಂಬರ್, ದಿನ, ಗಂಟೆ ಬರೆದಿಟ್ಟುಕೊಳ್ಳಿ. ಬೆದರಿಕೆ ಇದ್ದರೆ ಅದಕ್ಕೆ ಬೇರೆ ದೂರು. ದುಡ್ಡು ಮುಟ್ಟಬೇಡಿ, ಯಾವ ಬಿಳಿ ಹಾಳೆಗೂ ಸಹಿ ಹಾಕಬೇಡಿ. ದುಡ್ಡು ಮುಟ್ಟಿದರೆ "ದುಡ್ಡಿಗಾಗಿಯೇ ಮಾಡಿದ್ದು" ಅನ್ನುವ ವಾದಕ್ಕೆ ನೀವೇ ಸಾಕ್ಷಿ ಕೊಟ್ಟಂತೆ. ಆಂತರಿಕ ಸಮಿತಿಯಲ್ಲಿ ರಾಜಿ ಆಗುವುದಿದ್ದರೆ ನೀವೇ ಕೇಳಿಕೊಂಡಿರಬೇಕು, ಅದರಲ್ಲೂ ದುಡ್ಡಿನ ಲೆಕ್ಕಾಚಾರ ಇರುವಂತಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ರಿವ್ಯೂ? ಸಿಟ್ಟು ಅರ್ಥವಾಗುತ್ತದೆ. ಆದರೆ ದೂರಿಗೆ ಮೊದಲು ಹೆಸರು ಹಾಕಿ ಪೋಸ್ಟ್ ಮಾಡಿದರೆ ಮಾನನಷ್ಟದ ನೋಟಿಸ್ ಬರಬಹುದು, ಆ ಕಡೆಯವರು ದಾಖಲೆ ತಿದ್ದಲು ಸಮಯವೂ ಸಿಗುತ್ತದೆ. ಆಮೇಲೆ ಪೋಸ್ಟಿನ ಒಂದೊಂದು ಪದವನ್ನೂ ದೂರಿನ ಜೊತೆ ಹೋಲಿಸಿ ಪ್ರಶ್ನೆ ಕೇಳುತ್ತಾರೆ.

ರಾತ್ರಿ ನಿದ್ದೆ ಬರದಿದ್ದರೆ, ಆಸ್ಪತ್ರೆ ಅಂದರೇ ಮೈ ನಡುಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯಾವ ತೊಂದರೆಗೆ ಮೊದಲು ಡಾಕ್ಟರ ಬಳಿ ಹೋಗಿದ್ದಿರೋ ಅದು ಇನ್ನೂ ಹಾಗೇ ಉಳಿದಿರುತ್ತದೆ. ಹೊಟ್ಟೆನೋವು, ಗಂಟು, ಮುಟ್ಟಿನ ತೊಂದರೆ, ಯಾವುದಾದರೂ ಸರಿ, ಬಿಟ್ಟುಬಿಡಬೇಡಿ. ಬೇರೆ ಡಾಕ್ಟರ ಬಳಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಫೋನಿನಲ್ಲೇ ಹೇಳಿ: "ಲೇಡಿ ಡಾಕ್ಟರ್ ಬೇಕು, ಪರೀಕ್ಷೆ ಮಾಡುವಾಗ ನಮ್ಮವರೊಬ್ಬರು ಒಳಗೆ ಇರ್ತಾರೆ." ಆಗಲ್ಲ ಅಂದರೆ ಇನ್ನೊಂದು ಕಡೆ ಕೇಳಿ.